ನಡುವೆ ಚಕ್ಕುಲಿ ಇರುವ ವಿಳಾಸಗಳು

ನನ್ನ ಚಿತ್ರಗಳನ್ನು ಮೊದಲ ಸಲ ಮಂದಿಯ ಮುಂದೆ ಗೋಡೆಗೆ ತೂಗುಹಾಕಿದ್ದು ವಾಡಿಯಲ್ಲಿ, ರೈಲ್ವೆ ಕಾಲನಿಯ ಒಂದು ಸಭಾಭವನದಲ್ಲಿ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಆಗ ನಾವು ಸೇಡಂನಲ್ಲಿದ್ದೆವು. ನಾನು ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಚಿತ್ತಾಪುರಕ್ಕೆ ಹೋಗಿ, ಅಲ್ಲಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಸಂಜೆ ಮರಳುತ್ತಿದ್ದೆ. ಯಜಮಾನರು ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಮ್ಮಿಬ್ಬರ ಜೊತೆ ನಮ್ಮತ್ತೆ.

ನಾನು ಬರೆಯುತ್ತಿದ್ದುದೆಲ್ಲ ಜಲವರ್ಣ. ಕಾಗಿಣಾ ನದಿಯ ಬಂಡೆಗಳು, ಮಳಖೇಡದ ಕೋಟೆಯ ಕುಸಿದ ಗೋಡೆ, ಶಹಾಬಾದಿನ ಕಲ್ಲುಗಣಿಗಳಲ್ಲಿ ಹಾಸು ಹಾಸಾಗಿ ಎದ್ದ ಬೂದುಬಣ್ಣದ ಕಲ್ಲು, ಹೂಬಿಟ್ಟ ತೊಗರಿ ಹೊಲ. ನಮ್ಮ ಕಡೆ ಆಗ ಗೋಡೆಯ ಮೇಲೆ ಚಿತ್ರ ಎಂದರೆ ದೇವರದು ಇಲ್ಲವೇ ಕ್ಯಾಲೆಂಡರಿನದು. ಪಕ್ಕದ ಮನೆಯವರು ನನ್ನ ತೊಗರಿ ಹೊಲ ನೋಡಿ, "ಚಂದ ಅದ ಟೀಚರ್, ಆದ್ರ ಹೊಲ ಯಾಕ ಗ್ವಾಡಿಗಿ ಹಾಕ್ಕೋಬೇಕು, ಹೊರಗ ಬಂದ್ರ ಕಾಣ್ತದಲ್ಲ?" ಎಂದು ಕೇಳಿದ್ದರು. ಅವರ ಮಾತಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಚಿತ್ರ ಕೊಂಡವರು ಬೇರೆ ಮಂದಿ. ಸಿಮೆಂಟ್ ಕಾರ್ಖಾನೆಗಳ ಎಂಜಿನಿಯರುಗಳು, ರೈಲ್ವೆಯವರು, ಬ್ಯಾಂಕಿನವರು. ಎಲ್ಲಿಂದಲೋ ಬದಲಿಯಾಗಿ ಬಂದು ಕೆಲವು ವರ್ಷ ನಮ್ಮ ಬಿಸಿಲಿನಲ್ಲಿ ಬೆಂದು ಮತ್ತೆಲ್ಲಿಗೋ ಬದಲಿಯಾಗಿ ಹೋಗುವವರು. ಊರು ಬಿಡುವ ಮುಂಚೆ ನೆನಪಿಗೊಂದು ಇರಲೆಂದು ಒಯ್ಯುತ್ತಿದ್ದರು. ವಾಡಿಯಲ್ಲಿ ಅವರೆಲ್ಲ ವಿಳಾಸ ಬರೆದು ಕೊಟ್ಟಿದ್ದರು. ನಾನು ದೀಪಾವಳಿಗೆ, ಸಂಕ್ರಾಂತಿಗೆ ಒಬ್ಬೊಬ್ಬರಿಗೂ ಕೈಯಿಂದ ಪುಟ್ಟ ಚಿತ್ರ ಬರೆದ ಪೋಸ್ಟ್‌ಕಾರ್ಡ್ ಕಳಿಸುತ್ತಿದ್ದೆ. ಬರಬರುತ್ತ ಆ ಕಾರ್ಡುಗಳು ಹಿಂದಿರುಗಿ ಬರತೊಡಗಿದವು. ವಿಳಾಸದ ಮೇಲೆ ಅಡ್ಡಗೆರೆ, ಬದಿಯಲ್ಲಿ ಯಾರದೋ ಅವಸರದ ಕೈಬರಹ: ಇಲ್ಲಿಂದ ಹೋಗಿದ್ದಾರೆ. ಹಾಗೆ ಮರಳಿದ ಕಾರ್ಡುಗಳನ್ನು ಅತ್ತೆ ಬಿಸಾಡಲು ಬಿಡದೆ ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸಿದ್ದರು. ನಮ್ಮ ಮನೆಯ ಹೆಸರುಬೇಳೆಯ ಡಬ್ಬಿಯ ಮೇಲೆ ಕಾಗಿಣಾ ಹರಿಯುತ್ತಿತ್ತು.

ಅತ್ತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಶಹಾಬಾದಿನ ವೈಷ್ಣವ ಮನೆತನದಲ್ಲಿ ಹುಟ್ಟಿದವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಬೆಳಿಗ್ಗೆ ಮಡಿಯುಟ್ಟು ಪೂಜೆ, ನೈವೇದ್ಯ ಮುಗಿಯುವ ತನಕ ಯಾರೊಂದಿಗೂ ಮಾತಿಲ್ಲ. ಮುಗಿದ ಮೇಲೆ ಮಾತಿಗೆ ಲಗಾಮಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೂರು ತಲೆಮಾರಿನ ವಿಚಾರ ಇಳಿಯುವ ಮುಂಚೆ ತಿಳಿದುಕೊಳ್ಳುವವರು. ನಾನು ಹುಟ್ಟಾ ಸಂಕೋಚದವಳು. ಚಿಂಚೋಳಿಯಲ್ಲಿ ನಮ್ಮ ತಂದೆ ಶಾಲಾ ಮಾಸ್ತರರು, ಮನೆಯಲ್ಲಿ ಎಲ್ಲರೂ ಮೆಲುದನಿಯವರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ಹೊರಗೆ ಹೋಗಲು ನನಗೆ ನಾಚಿಕೆಯಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಕಾರ್ಖಾನೆಯ ಕಾಲನಿಯಿಂದ ಒಬ್ಬ ಎಂಜಿನಿಯರರ ಹೆಂಡತಿ ಮನೆಗೆ ಬಂದರು. ಒಡಿಶಾದವರು. ಮಳಖೇಡದ ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುತ್ತಲೇ ನಮ್ಮ ಕನ್ನಡ ಕಲಿತವರು. ಅವರ ಯಜಮಾನರಿಗೆ ರಾಜಸ್ಥಾನಕ್ಕೆ ಬದಲಿಯಾಗಿತ್ತು. ಕೋಟೆಯ ಒಂದು ಚಿತ್ರ ಆರಿಸಿಕೊಂಡು, ಹೊರಡುವ ಮುಂಚೆ ನನ್ನ ಕೈಯಲ್ಲಿ ಒಂದು ಚೀಟಿ ಇಟ್ಟರು.

"ಬಾಯಿ, ಇನ್ನ ಕಾರ್ಡ್ ಹಾಕಬ್ಯಾಡ್ರಿ. ಅಲ್ಲಿ ಯಾವ ಮನಿ ಕೊಡ್ತಾರ ನಮಗೇ ಗೊತ್ತಿಲ್ಲ. ಇದು ನನ್ನ ಈಮೇಲ್. ನಾವು ಎಲ್ಲಿ ಹೋದ್ರೂ ಇದು ಬದಲಾಗಂಗಿಲ್ಲ."

ಅತ್ತೆ ಚೀಟಿ ಇಸಿದುಕೊಂಡು ಕನ್ನಡಕ ಏರಿಸಿ ನೋಡಿದರು.

"ಹೆಸರಿನ ನಡುವ ಇದೇನ ಇದು, ಚಕ್ಲಿ ಇದ್ದಂಗ ಅದ?"

"ಅದಕ್ಕ ಅಟ್ ಅಂತಾರ್ರಿ ಅಮ್ಮಾ."

"ಅಟ್ ಅಂದ್ರ?"

ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದು ಚಕ್ಕುಲಿಯೇ ಆಯಿತು.

ಊರು ಬದಲಾದರೂ ಬದಲಾಗದ ವಿಳಾಸ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ವಾರವೇ ಸೇಡಂ ಬಸ್ ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದೆ. ಅದನ್ನು ನಡೆಸುತ್ತಿದ್ದವರು ನಡುವಯಸ್ಸಿನ ಮಾಸ್ತರರು. ಮನೆಮಾತು ಉರ್ದು, ಕನ್ನಡ ನೀರು ಕುಡಿದಷ್ಟು ಸಲೀಸು. ಟೈಪ್‌ರೈಟರುಗಳನ್ನು ಒಂದು ಗೋಡೆಗೆ ಸರಿಸಿ ಇನ್ನೊಂದು ಗೋಡೆಗೆ ಕಂಪ್ಯೂಟರ್ ಇಟ್ಟಿದ್ದರು. ಮದುವೆ ಕಾರ್ಡ್ ಮಾಡಿಕೊಡಲು ಒಂದು ಸ್ಕ್ಯಾನರೂ ಇತ್ತು. ನಾನೊಬ್ಬಳೇ ಹೋಗುವುದೆಂದಿದ್ದೆ, ಅತ್ತೆ ಚಪ್ಪಲಿ ಮೆಟ್ಟಿ ನನಗಿಂತ ಮುಂಚೆ ಅಂಗಳದಲ್ಲಿ ನಿಂತಿದ್ದರು.

"ಬರ್ರಿ ಅಮ್ಮಾರ, ಕುಂದ್ರಿ. ಮೇಡಂ, ಜರಾ ಸಬೂರ್ ಮಾಡ್ರಿ, ಅದು ಈಗ ಫೋನ್ ಹಚ್ಚಲಿಕತ್ತದ," ಎಂದರು ಮಾಸ್ತರರು. ಕಂಪ್ಯೂಟರಿನ ಪಕ್ಕದ ಡಬ್ಬಿಯೊಳಗಿಂದ ಕಿರ್ ಕಿರ್ ಎಂದು ಏನೋ ಕಿರುಚಿತು. ಬಹಳ ಹೊತ್ತಿನ ಮೇಲೆ ಪರದೆ ತೆರೆದುಕೊಂಡಿತು. ನನ್ನ ಹೆಸರು, ಊರು ತುಂಬಿಸಿದೆವು. ಆಮೇಲೆ ಪಾಸ್‌ವರ್ಡ್ ಕೇಳಿತು.

"ಇದು ಯಾರಿಗೂ ಹೇಳಬಾರದ ಶಬ್ದರಿ. ನಿಮ್ಮ ಮನಸಿನಾಗ ಇರಬೇಕು," ಎಂದು ವಿವರಿಸಿ ಮಾಸ್ತರರು ಮರ್ಯಾದೆಯಿಂದ ಮುಖ ಅತ್ತ ತಿರುಗಿಸಿದರು.

"ಅದಕ್ಕೇನು ವಿಚಾರ ಮಾಡ್ತಿ, ಮನಿದೇವರ ಹೆಸರಿಡು," ಎಂದ ಅತ್ತೆ, ಮನೆದೇವರ ಹೆಸರನ್ನೂ ಪೂಜೆಯ ಸಂಕಲ್ಪದಷ್ಟೇ ಗಟ್ಟಿಯಾಗಿ ಹೇಳಿದರು. ಟೈಪ್ ಕಲಿಯುತ್ತಿದ್ದ ಹುಡುಗಿಯರ ಬೆರಳುಗಳು ನಿಂತವು.

"ಅಮ್ಮಾರ, ಇನ್ನ ಅದು ನಡೆಯಂಗಿಲ್ಲ," ಎಂದರು ಮಾಸ್ತರರು. "ಬಸ್ ಸ್ಟ್ಯಾಂಡ್ ತನಕ ಕೇಳಿಸ್ತು."

ಹೀಗೆ ನನಗೊಂದು ಈಮೇಲ್ ಬಂತು. ಆ ಒಡಿಶಾದ ಬಾಯಿ ತಮ್ಮ ಪರಿಚಯದ ಹಳೆಯ ಕಾಲನಿಯವರ ವಿಳಾಸಗಳನ್ನು ಒಬ್ಬೊಬ್ಬರನ್ನೇ ಕೇಳಿ, ಒಪ್ಪಿದವರದನ್ನು ಕಳಿಸಿಕೊಟ್ಟರು. ಯಜಮಾನರು ಪ್ರಯೋಗಾಲಯದ ಕೆಲವರನ್ನು ಸೇರಿಸಿದರು. ಬೆರಳಲ್ಲಿ ಎಣಿಸುವಷ್ಟು ಮಂದಿ. ಅವರಿಗೆಲ್ಲ ನಾನು ಇಂಗ್ಲಿಷಿನಲ್ಲಿ ಒಂದು ಪತ್ರ ಟೈಪ್ ಮಾಡಿದೆ. ಮಾನ್ಯರೇ, ಹೊಸ ಚಿತ್ರಗಳು ತಯಾರಾಗಿವೆ, ಅಳತೆ ಇಷ್ಟು, ಆಸಕ್ತರು ಸಂಪರ್ಕಿಸಬೇಕು. ಶಾಲೆಯ ಸುತ್ತೋಲೆಯ ಹಾಗೆ.

ಮರುದಿನ ಒಂದೇ ಒಂದು ಉತ್ತರ ಬಂದಿತ್ತು, ಉದ್ದನೆಯ ಇಂಗ್ಲಿಷಿನಲ್ಲಿ. ಕಳಿಸಿದವರ ಹೆಸರು 'ಮೇಲರ್ ಡೀಮನ್' ಎಂದಿತ್ತು. ಅದರಲ್ಲಿ ನನಗೆ ಅರ್ಥವಾದದ್ದು 'ವಿಷಾದಿಸುತ್ತೇವೆ' ಎಂಬ ಮಾತು ಮಾತ್ರ.

"ಯಾರೋ ಫಾರಿನ್‌ದವರು ಇರಬೇಕ್ರಿ," ಎಂದರು ಮಾಸ್ತರರು. ಇಂಟರ್ನೆಟ್ಟಿಗೆ ಅವರೂ ಹೊಸಬರು.

ಬೇಡವೆಂದರೂ ಇಷ್ಟು ಸೌಜನ್ಯದಿಂದ ಬರೆದಿದ್ದಾರಲ್ಲ ಎಂದು ನಾನು ಕೂತು ಧನ್ಯವಾದದ ಪತ್ರ ಬರೆದು ಕಳಿಸಿದೆ. ಅದಕ್ಕೂ ಅಷ್ಟೇ ಉದ್ದದ ಉತ್ತರ ಬಂತು. ಕಲಬುರ್ಗಿಯಿಂದ ಯಂತ್ರ ರಿಪೇರಿಗೆ ಬಂದವರೊಬ್ಬರು ನೋಡಿ, ಇದು ಮನುಷ್ಯನಲ್ಲ, ವಿಳಾಸದಲ್ಲಿ ಅಕ್ಷರ ತಪ್ಪಿದ್ದಕ್ಕೆ ಪತ್ರ ವಾಪಸ್ ಬಂದಿದೆ ಎಂದು ತಿಳಿಸಿದಾಗ ಮಾಸ್ತರರೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ನಕ್ಕೆವು.

ಸಂಜೆ ಅತ್ತೆಗೆ ಆ ಪತ್ರದಲ್ಲಿ ಏನು ಬರೆದಿದ್ದೆ ಎಂದು ಕನ್ನಡದಲ್ಲಿ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಇದು ಪತ್ರ ಏನ? ಅಂಗಡಿ ಬೋರ್ಡ್ ಇದ್ದಂಗ ಅದ."

"ಮತ್ತೇನು ಬರೀಬೇಕ್ರಿ ಅತ್ಯಾ?"

"ಅವರು ಇಲ್ಲಿ ಇದ್ದು ಹೋದವರಲ್ಲೇನು? ಕಾಗಿಣಾದಾಗ ನೀರು ಎಷ್ಟದ, ಹೊಲದಾಗ ಏನು ನಡದದ, ಯಾರ ಮನ್ಯಾಗ ಏನ್ ಮಾಡ್ಯಾರ ಅದು ಬರಿ. ನೀವು ಹ್ಯಾಂಗಿದ್ದೀರಿ ಅಂತ ಕೇಳು. ಚಿತ್ರದ ಮಾತು ಕಡೀಕ ಒಂದು ಸಾಲಿನಾಗ ಹೇಳು."

ನನಗೆ ಮೊದಲು ಸರಿಯೆನಿಸಲಿಲ್ಲ. ಕಲಾವಿದೆಯ ಪತ್ರದಲ್ಲಿ ಯಾರ ಮನೆಯಲ್ಲಿ ಏನು ಮಾಡಿದ್ದಾರೆಂದು ಬರೆಯುವುದೇ? ಆದರೆ ಆ ಸುತ್ತೋಲೆಗೆ ಉತ್ತರವೇ ಬರಲಿಲ್ಲ. ಒಂದು ಭಾನುವಾರ ಬಿಳಿ ಹಾಳೆ ತೆಗೆದುಕೊಂಡು, ಹಿತ್ತಲಲ್ಲಿ ಕೆಂಡದ ಮೇಲೆ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದ ಅತ್ತೆಯನ್ನೇ ಬರೆದೆ. ಹೊಗೆಗೆ ಕಣ್ಣು ಕಿರಿದು ಮಾಡಿದ ಮುಖ, ಅಂಗೈಯಲ್ಲಿ ಹಸಿರು ಕಾಳು. ಚಿತ್ರದ ಸುತ್ತ ಉಳಿದ ಜಾಗದಲ್ಲಿ ಕೈಬರಹದಲ್ಲೇ ಕನ್ನಡದಲ್ಲಿ ಬರೆಯುತ್ತ ಹೋದೆ: ಈ ಸಲ ಜೋಳ ಚೆನ್ನಾಗಿ ಹಾಲುಗಟ್ಟಿದೆ, ಬೆಳಗಿನ ಗಾಡಿ ಮಂಜಿನಿಂದ ತಡವಾಗುತ್ತಿದೆ, ಸಿಮೆಂಟ್ ಲಾರಿಗಳ ಧೂಳಿಗೆ ರಸ್ತೆಯ ಬೇವಿನ ಗಿಡಗಳು ಮುದುಕರಾದ ಹಾಗೆ ಕಾಣುತ್ತಿವೆ. ಕನ್ನಡ ಓದಲು ಬಾರದವರಿಗೆ ಕೆಳಗೆ ನಾಲ್ಕು ಸಾಲು ಹಿಂದಿ. ಕೊನೆಗೆ, ಹೊಸ ಚಿತ್ರಗಳಿವೆ, ಬೇಕಾದರೆ ಬರೆಯಿರಿ ಎಂದು ಒಂದು ಸಾಲು. ಮಾಸ್ತರರು ಆ ಹಾಳೆಯನ್ನು ಸ್ಕ್ಯಾನರಿನಲ್ಲಿಟ್ಟು ಚಿತ್ರ ಮಾಡಿ ಪತ್ರಕ್ಕೆ ಲಗತ್ತಿಸಿದರು. ಅದು ಹೋಗುವಷ್ಟರಲ್ಲಿ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ.

ಉತ್ತರಗಳು ಬಂದವು. ರಾಜಸ್ಥಾನದಿಂದ ಒಡಿಶಾದ ಬಾಯಿ, ಆ ಹೊಗೆಯ ವಾಸನೆ ಇಲ್ಲಿಯ ತನಕ ಬಂತು ಎಂದು ಬರೆದರು. ವಾಡಿಯಲ್ಲಿ ಎಂಜಿನ್ ಡ್ರೈವರ್ ಆಗಿದ್ದು ನಿವೃತ್ತರಾದ ಒಬ್ಬರು ತಮಗೆ ಮೂವತ್ತು ವರ್ಷದಿಂದ ಪರಿಚಯವಿದ್ದ ಮಂಜಿನ ಬಗ್ಗೆಯೇ ಒಂದು ಪುಟ ಬರೆದಿದ್ದರು. ನಾನು ಹೆಸರೂ ಕೇಳಿರದ ಇಬ್ಬರು, ಯಾರೋ ಹೇಳಿದರು, ನಮಗೂ ಕಳಿಸಿ ಎಂದಿದ್ದರು. ಮಾಸ್ತರರು ಅಚ್ಚು ತೆಗೆದುಕೊಟ್ಟ ಆ ಉತ್ತರಗಳನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬಹುತೇಕರು ಕೇಳಿದ್ದು, ಸೀತನಿ ತಿಕ್ಕುವ ಆ ಅಮ್ಮ ಯಾರು ಎಂದು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಆಮೇಲೆ ಅವರನ್ನು ಹಿಡಿಯುವುದು ಕಷ್ಟವಾಯಿತು. ಮದುವೆ, ಮುಂಜಿವೆ, ಪುರಾಣ-ಪ್ರವಚನ, ದವಾಖಾನೆಯ ಬೆಂಚು ಎಲ್ಲಿ ಹೋದರೂ ಕುಶಲ ಕೇಳಿದ ಕೂಡಲೆ, "ನಿಮ್ದು ಮೇಲ್ ಅದ ಏನ್ರಿ?" ಎನ್ನುತ್ತಿದ್ದರು. ನಮ್ಮ ಕಡೆಯ ಹೆಚ್ಚಿನವರು ಕೇಳಿದ್ದು ಮುಂಬೈಗೆ ಹೋಗುವ ಮೇಲ್ ಗಾಡಿಯ ಬಗ್ಗೆ ಎಂದುಕೊಂಡು ಅದರ ವೇಳೆ ಹೇಳುತ್ತಿದ್ದರು. ಇದ್ದವರು ಸಿಕ್ಕರೆ ಅತ್ತೆ ಅದನ್ನು ಕನ್ನಡದಲ್ಲೇ ಬರೆದುಕೊಂಡು ಬರುತ್ತಿದ್ದರು. ಹೆಸರು, ಆಮೇಲೆ ದುಂಡಗೆ ಒಂದು ಚಕ್ಕುಲಿಯ ಚಿತ್ರ, ಆಮೇಲೆ 'ಯಾಹೂ ಚುಕ್ಕಿ ಕಾಮ್'. ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆಂದು ಊಹಿಸಲು ನಾನೂ ಮಾಸ್ತರರೂ ಹೆಣಗುತ್ತಿದ್ದೆವು. ಒಂದು ಆಯ್, ಎರಡು ಈ, ಕೊನೆಗೊಂದು ಎಚ್. ಎಲ್ಲವನ್ನೂ ಪ್ರಯತ್ನಿಸಿ ಯಾವುದು ವಾಪಸ್ ಬರುವುದಿಲ್ಲವೋ ಅದು ಸರಿ ಎಂದುಕೊಳ್ಳುತ್ತಿದ್ದೆವು.

ಒಮ್ಮೆ ನಾವು ಅತ್ತೆಯ ತವರಿಗೆಂದು ಹೊರಟು, ವಾಡಿ ಜಂಕ್ಷನ್ನಿನಲ್ಲಿ ಶಹಾಬಾದ್ ಕಡೆಯ ಗಾಡಿಗೆ ಕಾಯುತ್ತಿದ್ದೆವು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ಕೇರಳದ ಒಬ್ಬ ನರ್ಸಿನ ಪಕ್ಕ ಕೂತಿದ್ದರು. ಆಕೆ ಹಿಂದೆ ಮಳಖೇಡದ ದವಾಖಾನೆಯಲ್ಲಿ ಕೆಲಸಕ್ಕಿದ್ದವರು. ಈಗ ಗುಜರಾತಿನಲ್ಲಿದ್ದರು, ರಜೆಯ ಮೇಲೆ ಊರಿಗೆ ಹೋಗುತ್ತಿದ್ದರು. ಅಷ್ಟರಲ್ಲೇ ಅತ್ತೆ ತಮ್ಮ ಮೊಣಕಾಲು ನೋವಿಗೆ ಔಷಧಿ ಕೇಳಿ ಮುಗಿಸಿ, ಚಕ್ಕುಲಿ ವಿಳಾಸವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು.

ಎಲ್ಲರೂ ಹಾಗೆ ಸಂತೋಷದಿಂದ ಕೊಟ್ಟವರಲ್ಲ. ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ಒಬ್ಬರ ವಿಸಿಟಿಂಗ್ ಕಾರ್ಡು ಯಾವುದೋ ಮದುವೆಯಲ್ಲಿ ಅತ್ತೆಯ ಕೈಗೆ ಸಿಕ್ಕಿತ್ತು. ಅದರಲ್ಲಿದ್ದ ವಿಳಾಸಕ್ಕೂ ಪತ್ರ ಹೋಯಿತು. ಒಂದೇ ಸಾಲಿನ ಉತ್ತರ ಬಂತು: ನೀವು ಯಾರು, ನನಗೇಕೆ ಕಳಿಸುತ್ತೀರಿ, ನಿಲ್ಲಿಸಿ. ನಾನು ಕ್ಷಮೆ ಕೇಳಿ ಅವರ ಹೆಸರು ತೆಗೆದೆ. ಅತ್ತೆಗೆ ಭಾರಿ ಬೇಸರವಾಯಿತು.

"ಪತ್ರ ಬಂದ್ರ ಯಾರರೆ ಬ್ಯಾಡ ಅಂತಾರೇನ? ಊಟಕ್ಕ ಕರದಂಗ ಅಲ್ಲ ಅದು?"

"ಅವರ ಮನಿ ಬಾಗಿಲಾ ಬಡೀಲಾರದ ಒಳಗ ಹೋದಂಗ ಆತ್ರಿ ಅತ್ಯಾ. ಕೇಳಿ ಹೋಗಬೇಕಿತ್ತು."

ಅವರು "ಅದೂ ಖರೇ," ಎಂದರು. ಅಲ್ಲಿಂದ ಮುಂದೆ ಯಾರ ವಿಳಾಸ ತಂದರೂ, "ಕೇಳೀನಿ, ಹೂಂ ಅಂದಾರ," ಎಂದು ಮೊದಲೇ ಸಾಕ್ಷಿ ಹೇಳುತ್ತಿದ್ದರು. ಬೇಡ ಎಂದವರನ್ನು ಕೂಡಲೇ ತೆಗೆಯುವುದು ನನ್ನ ನಿಯಮವಾಯಿತು. ಹೀಗೆ ಹೋದವರೂ ಕೆಲವರಿದ್ದರು. ಪ್ರತಿ ಸಲವೂ ನನಗೆ ಒಳಗೊಳಗೆ ಚುಚ್ಚುತ್ತಿತ್ತು, ಅದನ್ನು ಅತ್ತೆಗೆ ತೋರಿಸಿಕೊಳ್ಳುತ್ತಿರಲಿಲ್ಲ.

ತಿಂಗಳಿಗೊಂದು ಪತ್ರ ಹೋಗಬೇಕೆಂದರೆ ತಿಂಗಳಿಗೊಂದಾದರೂ ಚಿತ್ರ ಬೇಕು. ಮೊದಲೆಲ್ಲ ಮನಸ್ಸು ಬಂದಾಗ ಬರೆಯುತ್ತಿದ್ದೆ. ಮನಸ್ಸು ಬರುವುದು ರಜೆಯಲ್ಲಿ, ರಜೆಯಲ್ಲಿ ಮನೆಕೆಲಸ. ಈಗ ಬಿಡುವಿಲ್ಲದಿದ್ದರೂ ಕೂರುತ್ತಿದ್ದೆ. ಗಾಡಿಯಲ್ಲಿ ಎದುರಿಗೆ ಕೂತು ತೂಕಡಿಸುವ ಹೆಂಗಸು, ಸೇಡಂ ಸಂತೆಯ ಮೆಣಸಿನಕಾಯಿ ರಾಶಿ, ಬೇಸಿಗೆಯ ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಬರಿ ಬೆನ್ನಿನಲ್ಲಿ ಮಲಗಿದ ಯಜಮಾನರು. ಈ ಕೊನೆಯ ಚಿತ್ರ ಕಳಿಸಿದ್ದು ಅವರಿಗೆ ಗೊತ್ತಾದದ್ದು ಅವರ ಹಳೆಯ ಸಹೋದ್ಯೋಗಿಯೊಬ್ಬರು ಛತ್ತೀಸಗಡದಿಂದ, ಸಾಹೇಬರ ನಿದ್ದೆ ಹೇಗಿದೆ ಎಂದು ಬರೆದಾಗ. ಅವರು ಒಂದು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮರುದಿನ ತಾವೇ ನಕ್ಕು, ಹೊಟ್ಟೆ ಅಷ್ಟು ದೊಡ್ಡದಾಗಿ ಬರೆಯಬೇಕಿರಲಿಲ್ಲ ಎಂದರು.

ಒಂದು ವರ್ಷ ಫಾಲ್ಗುಣದಲ್ಲಿ ನಮ್ಮ ತಂದೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ನಾನು ಚಿಂಚೋಳಿಗೆ ಹೋಗಿ ಉಳಿದೆ. ಔಷಧದ ಹನಿ ಹಾಕುವುದು, ಅವರಿಗೆ ಪೇಪರ್ ಓದಿ ಹೇಳುವುದು, ಹೊಲದ ವ್ಯವಹಾರಕ್ಕೆಂದು ಐನಾಪುರದಿಂದ ಬಂದು ಹೋಗುವ ನೆಂಟರಿಗೆ ಚಹಾ. ಆ ತಿಂಗಳು ಪತ್ರ ಹೋಗಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಸೇಡಂಗೆ ಮರಳಿ ಇನ್‌ಸ್ಟಿಟ್ಯೂಟಿಗೆ ಹೋದಾಗ ಮಾಸ್ತರರು ಕುರ್ಚಿ ಎಳೆದುಕೊಟ್ಟರು.

"ಮೇಡಂ, ಎಲ್ಲಿ ಹೋಗಿದ್ರಿ? ತೆರದು ನೋಡ್ರಿ."

ತೆರೆದೆ. ಆರೋಗ್ಯವಾಗಿದ್ದೀರಾ ಎಂದು ಒಬ್ಬರು. ಪತ್ರ ನನಗೊಬ್ಬನಿಗೆ ತಪ್ಪಿತೋ ಎಲ್ಲರಿಗೂ ಬರಲಿಲ್ಲವೋ ಎಂದು ಆ ಎಂಜಿನ್ ಡ್ರೈವರ್. ಗುಜರಾತಿನ ನರ್ಸ್ ಅತ್ತೆಯ ಮೊಣಕಾಲು ನೋವು ಜಾಸ್ತಿಯಾಯಿತೇ ಎಂದು ಕೇಳಿದ್ದರು. ನಾನು ಒಂದೊಂದನ್ನೂ ಎರಡೆರಡು ಸಲ ಓದಿದೆ. ಕಲಿತದ್ದು ಚಿತ್ರಕಲೆ, ಕಲಿಸುವುದು ಚಿತ್ರಕಲೆ. ಆದರೂ ನಾನೊಬ್ಬ ಕಲಾವಿದೆ ಎಂದು ಬಾಯಿಬಿಟ್ಟು ಹೇಳಲು ಅಲ್ಲಿಯ ತನಕ ಧೈರ್ಯವಿರಲಿಲ್ಲ. ನನ್ನ ಚಿತ್ರ ಬರಲಿಲ್ಲವೆಂದು ದೂರದ ಊರುಗಳಲ್ಲಿ ಯಾರೋ ಬಾಗಿಲ ಕಡೆ ನೋಡಿದ್ದರು. ಅಂದು ಚಿಂಚೋಳಿಯ ಕಾಡಿನಲ್ಲಿ ಎಲೆಯುದುರಿ ನಿಂತ ತೇಗದ ಗಿಡಗಳನ್ನೂ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಅವುಗಳನ್ನು ಎಣಿಸಲು ಹೊರಟ ತಂದೆಯವರನ್ನೂ ಬರೆದು ಕಳಿಸಿದೆ.

ಅದರ ಮುಂದಿನ ಸಲ ಒಂದು ಅವಾಂತರವಾಯಿತು. ಅಲ್ಲಿಯ ತನಕ ಮಾಸ್ತರರು ವಿಳಾಸಗಳನ್ನು ಒಬ್ಬೊಬ್ಬರದಾಗಿ ಹಾಕಿ ಕಳಿಸಿಕೊಡುತ್ತಿದ್ದರು. ಪಟ್ಟಿ ಬೆಳೆದಂತೆ ಅದು ಸಾಕುಸಾಕಾಗುತ್ತಿತ್ತು. ಅಂದು ಅವರು ಇರಲಿಲ್ಲ. ನಾನೇ ಜಾಣೆಯೆಂದುಕೊಂಡು ಎಲ್ಲ ವಿಳಾಸಗಳನ್ನೂ ಒಂದೇ ಸಾಲಿನಲ್ಲಿ ಹಾಕಿ ಒಮ್ಮೆಲೇ ಕಳಿಸಿದೆ. ಎಲ್ಲರ ವಿಳಾಸ ಎಲ್ಲರಿಗೂ ಕಂಡಿತು. ಯಾರೋ ಒಬ್ಬರು ನನಗೆಂದು ಬರೆದ ಉತ್ತರ ಎಲ್ಲರಿಗೂ ಹೋಯಿತು. ವಾಡಿ ಸ್ಟೇಷನ್ನಿನಲ್ಲಿ ಒಳ್ಳೆಯ ಮಿರ್ಚಿ ಭಜಿ ಯಾವ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಿತ್ತು ಎಂಬ ಬಗ್ಗೆ ಅದರಲ್ಲೊಂದು ಮಾತಿತ್ತು. ಎಂಜಿನ್ ಡ್ರೈವರ್ ಅದನ್ನು ಒಪ್ಪಲಿಲ್ಲ. ಬ್ಯಾಂಕಿನವರೊಬ್ಬರು ನಡುವೆ ಬಂದರು. ವಾರದೊಳಗೆ ನನ್ನ ಮೇಲ್‌ನ ಡಬ್ಬಿ ತುಂಬಿ ಚೆಲ್ಲುವಷ್ಟಾಯಿತು. ಇಬ್ಬರು ಸಿಟ್ಟಾಗಿ, ನಮ್ಮ ವಿಳಾಸ ಊರಿಗೆಲ್ಲ ಹಂಚಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಮಾಸ್ತರರು ಬಂದು ತಲೆ ಕೆರೆದುಕೊಂಡು, ವಿಳಾಸಗಳನ್ನು ಮರೆಯಲ್ಲಿಡುವ ಇನ್ನೊಂದು ಸಾಲು ತೋರಿಸಿದರು.

"ಇಲ್ಲಿ ಹಾಕ್ರಿ. ಬುರ್ಖಾ ಇದ್ದಂಗ. ಯಾರಿಗೂ ಯಾರೂ ಕಾಣಂಗಿಲ್ಲ."

ನಾನು ಎಲ್ಲರಿಗೂ ಕ್ಷಮೆ ಕೇಳುವ ಪತ್ರ ಬರೆಯಲು ಕೂತೆ. ಅಷ್ಟರಲ್ಲಿ ರಾಜಸ್ಥಾನದಿಂದ ಒಂದು ಪತ್ರ ಬಂತು, ಒಡಿಶಾದ ಬಾಯಿಯದು. ಆ ವಿಳಾಸಗಳ ಸಾಲಿನಲ್ಲಿ ಒಂದು ಹೆಸರು ನೋಡಿ ಅವರಿಗೆ ನಂಬಲಾಗಲಿಲ್ಲವಂತೆ. ಅವರ ಮೊದಲ ಮಗಳು ಮಳಖೇಡದಲ್ಲಿ ದಿನ ತುಂಬುವ ಮುಂಚೆ ಹುಟ್ಟಿದಾಗ, ರಜೆಯ ಮೇಲೆ ಊರಿಗೆ ಹೊರಟು ನಿಂತಿದ್ದ ಒಬ್ಬ ನರ್ಸ್ ಪ್ರಯಾಣ ಬಿಟ್ಟು ಕೂಸನ್ನು ಬದುಕಿಸಿಕೊಂಡಿದ್ದರು. ಆಮೇಲೆ ಆಕೆಗೆ ಬೇರೆ ಕಡೆ ಕೆಲಸ ಸಿಕ್ಕು, ಇವರಿಗೆ ಬದಲಿಯಾಗಿ, ಇಬ್ಬರೂ ಒಬ್ಬರನ್ನೊಬ್ಬರು ಕಳೆದುಕೊಂಡಿದ್ದರು. ಅವರೇ ವಾಡಿ ಜಂಕ್ಷನ್ನಿನಲ್ಲಿ ಅತ್ತೆಗೆ ಸಿಕ್ಕ ನರ್ಸ್. ಈಗ ದಿನಾ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದೇವೆ ಎಂದಿದ್ದರು. ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಕ್ಷಮಾ ಕೇಳು, ಆದ್ರ ಭಾಳ ಕೇಳಬ್ಯಾಡ," ಎಂದರು.

ಅದೇ ವರ್ಷದ ಚಳಿಗಾಲದಲ್ಲಿ, ತೊಗರಿ ಹೂಬಿಟ್ಟ ಹೊತ್ತಿಗೆ, ಚಿತ್ತಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಪ್ರದರ್ಶನ ಇಟ್ಟುಕೊಂಡೆ. ಮೇಲ್‌ನಲ್ಲಿ ಕರೆಯೋಲೆ ಹೋಯಿತು. ಬಂದ ಉತ್ತರಗಳನ್ನು ನೋಡುತ್ತ ಹೋದಾಗ ನನ್ನ ತಪ್ಪು ತಿಳಿಯಿತು. ಪಟ್ಟಿಯಲ್ಲಿ ಗುಜರಾತಿನವರಿದ್ದರು, ಛತ್ತೀಸಗಡದವರಿದ್ದರು. ಚಿತ್ತಾಪುರದವರು ಒಬ್ಬರೂ ಇರಲಿಲ್ಲ. ಊರಲ್ಲಿ ಪ್ರದರ್ಶನ, ಊರಿನವರಿಗೇ ಸುದ್ದಿಯಿಲ್ಲ.

"ಊರಾಗಿನವರಿಗಿ ಬಾಯಿಲೆ ಹೇಳಬೇಕು, ನಡಿ," ಎಂದರು ಅತ್ತೆ.

ಎರಡು ದಿನ ನಾನು ಕುಂಕುಮದ ಬಟ್ಟಲು ಹಿಡಿದು, ಅತ್ತೆ ಜೊತೆಗೆ ನಡೆದು, ಚಿತ್ತಾಪುರದ ಮನೆಮನೆಗೆ ಹೋದೆವು. ಮದುವೆಗೆ ಕರೆದ ಹಾಗೆಯೇ. "ಯಾರ ಲಗ್ನಾರಿ ಬಾಯಾರ?" ಎಂದು ಕೇಳಿದರೆ, "ಲಗ್ನ ಅಲ್ಲರಿ, ನಮ್ಮ ಸೊಸಿ ಚಿತ್ರ ಬರದಾಳ, ನೋಡ್ಲಿಕ್ಕ ಬರ್ರಿ. ಚಹಾ ಅದ," ಎನ್ನುತ್ತಿದ್ದರು. ಬಸವಣ್ಣನ ವಚನ ಹಾಡಿಕೊಂಡು ಅಂಗಡಿ ನಡೆಸುವ ಕಿರಾಣಿ ಮಾಲೀಕರೊಬ್ಬರು ಚಹಾಕ್ಕೆ ಸಕ್ಕರೆ ತಮ್ಮದೆಂದು ಹೇಳಿದರು. ಹಾಗೆ ಬಾಗಿಲಲ್ಲಿ ನಿಂತು ಮಾತಾಡುವುದು ಮೂರನೆಯ ಓಣಿಯ ಹೊತ್ತಿಗೆ ನನಗೂ ಬಂದುಬಿಟ್ಟಿತ್ತು. ಅತ್ತೆ ಹಿಂದೆ ನಿಂತು ನನ್ನನ್ನೇ ಮುಂದೆ ಬಿಟ್ಟರು.

ಪ್ರದರ್ಶನದ ಬೆಳಿಗ್ಗೆ ನರ್ಸ್ ಬರಬೇಕಿದ್ದ ಗಾಡಿ ತಡವಾಗಿ ಬಂತು. ಒಡಿಶಾದ ಬಾಯಿ ಮಗಳನ್ನು ಕರೆದುಕೊಂಡು ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದರು. ನಾವೆಲ್ಲ ಚಿತ್ತಾಪುರ ಸ್ಟೇಷನ್ನಿಗೆ ಹೋಗಿದ್ದೆವು. ನರ್ಸ್ ಕೈಚೀಲ ಹಿಡಿದು ಇಳಿದರು. ಇಬ್ಬರು ಹೆಂಗಸರೂ ಸ್ವಲ್ಪ ದೂರದಲ್ಲೇ ನಿಂತರು, ಗುರುತು ಖಾತ್ರಿ ಮಾಡಿಕೊಳ್ಳುವವರಂತೆ. ಆಮೇಲೆ ನರ್ಸ್ ತಮಗಿಂತ ಎತ್ತರ ಬೆಳೆದಿದ್ದ ಆ ಹುಡುಗಿಯ ಹತ್ತಿರ ಬಂದು, ಎರಡೂ ಕೈಗಳನ್ನು ಒಂದರ ಪಕ್ಕ ಒಂದು ಚಾಚಿ, ಎಷ್ಟು ಚಿಕ್ಕವಳಿದ್ದಳೆಂದು ತೋರಿಸಿದರು. ಹುಡುಗಿ ನಾಚಿಕೊಂಡು ನಕ್ಕಳು. ಅವಳ ತಾಯಿ ಅಳತೊಡಗಿದರು. ಅತ್ತೆ ಮಾತ್ರ ನರ್ಸಿನ ಚೀಲ ಇಸಿದುಕೊಂಡು, "ನಡೀರಿ, ಮೊದ್ಲು ನಾಷ್ಟಾ ಮಾಡ್ರಿ, ಅಳೂದು ಆಮ್ಯಾಲ," ಎಂದರು.

ಅಂದು ಮಂಟಪ ತುಂಬಿತು. ನಿಜಕ್ಕೂ ತುಂಬಿತು. ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು, ನನ್ನ ವಿದ್ಯಾರ್ಥಿನಿಯರು ಅಪ್ಪ-ಅಮ್ಮಂದಿರನ್ನು ಎಳೆದು ತಂದರು, ಚಿಮ್ಮನಚೋಡದಿಂದ ನಮ್ಮ ಸೋದರಮಾವ ಒಂದು ಜೀಪ್ ತುಂಬ ನೆಂಟರನ್ನು ತುಂಬಿಕೊಂಡು ಬಂದರು. ಯಜಮಾನರು ತಾವು ನೆಲದ ಮೇಲೆ ಮಲಗಿದ ಚಿತ್ರದ ಮುಂದೆ ಕುರ್ಚಿ ಹಾಕಿ ಬೆನ್ನು ಅಡ್ಡ ಮಾಡಿ ಕೂತಿದ್ದರು; ಅವರನ್ನು ಸರಿಸಿ ಸರಿಸಿ ಎಲ್ಲರೂ ಅದನ್ನೇ ನೋಡಿದರು. ಕೆಲವು ಚಿತ್ರಗಳು ಮಾರಾಟವಾದವು. ಅವುಗಳಲ್ಲಿ ಒಂದನ್ನು ಕೊಂಡವರು ಹೊಲ ಯಾಕೆ ಗೋಡೆಗೆ ಎಂದು ಕೇಳಿದ್ದ, ಸೇಡಂನ ನಮ್ಮ ಪಕ್ಕದ ಮನೆಯವರ ಸೊಸೆ.

ಸಂಜೆ ಎಲ್ಲರೂ ಹೋಗುವಾಗ ಗಾಡಿಯಲ್ಲಿ ನನ್ನ ಜೊತೆ ದಿನಾ ಓಡಾಡುವ ಒಬ್ಬ ಬಟ್ಟೆ ಅಂಗಡಿಯ ಬಾಯಿ ನಿಂತು ಕೇಳಿದರು.

"ಟೀಚರ್, ತಿಂಗಳಾ ಏನೋ ಪತ್ರ ಬರೀತೀರಂತಲ್ಲ. ನಮಗ ಮೇಲ್-ಗೀಲ್ ಇಲ್ರಿ. ಮೇಲ್ ಇರಲಾರದವರು ಏನ್ ಮಾಡಬೇಕು?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಮರುತಿಂಗಳು ಪತ್ರ ಕಳಿಸಿದ ಮೇಲೆ ಅದರದೇ ಪ್ರತಿಗಳನ್ನು ಅಚ್ಚು ತೆಗೆಸಿದೆ. ಒಂದನ್ನು ಮಾಸ್ತರರು ಇನ್‌ಸ್ಟಿಟ್ಯೂಟಿನ ಬಾಗಿಲಿನ ಗಾಜಿಗೆ ಅಂಟಿಸಿಕೊಂಡರು, ಒಂದು ಶಾಲೆಗೆ, ಒಂದು ಕಿರಾಣಿ ಅಂಗಡಿಗೆ. ಉಳಿದವನ್ನು ಬೆಳಗಿನ ಗಾಡಿಯಲ್ಲಿ ಹಂಚಿದೆ. ಮುಂದೆ ಕಂಪ್ಯೂಟರ್ ನಮ್ಮ ಮನೆಗೇ ಬಂತು, ಪಟ್ಟಿ ನಾನು ನೆನಪಿಟ್ಟುಕೊಳ್ಳಲಾರದಷ್ಟು ಉದ್ದವಾಯಿತು, ಚಿತ್ರ ಮಾರಿ ಬಂದ ಆಸರೆಯಿಂದ ನಾನು ಶಾಲೆಯ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡೆ. ಆದರೂ ಆ ಕಾಗದದ ಪ್ರತಿಗಳನ್ನು ನಿಲ್ಲಿಸಲಿಲ್ಲ. ದೂರದ ಊರಿನವರು ನಾನು ಬರೆದದ್ದನ್ನೆಲ್ಲ ಹಾಗೇ ನಂಬುತ್ತಿದ್ದರು. ಊರಿನವರು ಹಾಗಲ್ಲ. ಒಂದು ಮಳೆಗಾಲದಲ್ಲಿ ಬಟ್ಟೆ ಅಂಗಡಿಯ ಬಾಯಿ ಹಾಳೆ ಓದಿ ಮುಗಿಸಿ ನನ್ನತ್ತ ನೋಡಿದರು.

"ಚಿತ್ರ ಛೊಲೊ ಬಂದದ ಟೀಚರ್. ಆದ್ರ ಕಾಗಿಣಾಕ್ಕ ನೀರ ಬಂದಿದ್ದು ಮಂಗಳವಾರ ಅಲ್ಲರಿ, ಸೋಮವಾರ. ನಾ ಅವತ್ತು ಬ್ರಿಜ್ ಮ್ಯಾಲೇ ನಿಂತಿದ್ದೆ."

ಬೋಗಿಯ ಅರ್ಧ ಹೆಂಗಸರು ಸೋಮವಾರ ಎಂದರು, ಇನ್ನರ್ಧ ಮಂಗಳವಾರ ಎಂದರು. ಚಿತ್ತಾಪುರ ಬರುವ ತನಕ ಅದು ತೀರ್ಮಾನವಾಗಲಿಲ್ಲ. ನಾನು ಪೆನ್ನು ತೆಗೆದು, ಎರಡೂ ದಿನಗಳನ್ನು ಹಾಳೆಯ ಬದಿಯಲ್ಲಿ ಬರೆದುಕೊಂಡು ಇಳಿದೆ.